ನಮ್ಮವರ ತಪ್ಪನ್ನು ಯಾರು ಹೇಳಬೇಕು?

ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳುವ ಮೊದಲೇ ‘ಯಾವೂರಾಯ್ತು?’ ಅಂತ ಕೇಳೋದು ನಮ್ಮ ಕಡೆ ರೂಢಿ. ಹಾಸನ, ಸಿರಸಿ, ಸಿಂಧನೂರು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸ್ತೀವಿ. ಬೆಂಗಳೂರಿನಲ್ಲಿ ಹದಿನೈದು ವರ್ಷ ಬಾಡಿಗೆ ಕಟ್ಟಿದವರೂ ಊರು ಅಂದರೆ ಅಜ್ಜನ ಮನೆ ಇರೋ ಊರನ್ನೇ ಹೇಳೋದು.

ಎಡ್ವರ್ಡ್ ಸೈದ್ ಅವರನ್ನು ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ಹೇಳೋಕೆ ಒಂದು ಪುಸ್ತಕವೇ ಬೇಕಿತ್ತು. ಅವರು ಅದನ್ನು ಬರೆದರು ಕೂಡ. 1999ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು ‘ಔಟ್ ಆಫ್ ಪ್ಲೇಸ್’. ಎಲ್ಲಿದ್ದರೂ ಆ ಜಾಗಕ್ಕೆ ಸೇರದವನು ಅಂತ ಅರ್ಥ ಮಾಡಿಕೊಳ್ಳಬಹುದು. ಹುಟ್ಟಿದ್ದು ಜೆರುಸಲೇಮಿನಲ್ಲಿ. ಬೆಳೆದದ್ದು ಹೆಚ್ಚಾಗಿ ಕೈರೋದಲ್ಲಿ. ಕಾಲೇಜು ಓದಿದ್ದು, ನಲವತ್ತು ವರ್ಷ ಪಾಠ ಮಾಡಿದ್ದು ಅಮೆರಿಕದಲ್ಲಿ. 2003ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ ಮೇಲೆ ಚಿತಾಭಸ್ಮವನ್ನು ಮಣ್ಣು ಮಾಡಿದ್ದು ಲೆಬನಾನಿನ ಬ್ರುಮ್ಮಾನಾದಲ್ಲಿ. ಹುಟ್ಟಿದ ಊರಿನ ಮಣ್ಣು ಕೊನೆಗೂ ಸಿಗಲಿಲ್ಲ.

ಸಾಯೋದಕ್ಕೆ ಒಂದು ವರ್ಷವೂ ಇಲ್ಲದಾಗ ಅವರು ಪತ್ರಕರ್ತ ಚಾರ್ಲ್ಸ್ ಗ್ಲಾಸ್ ಜೊತೆ ಕ್ಯಾಮೆರಾ ಮುಂದೆ ಕೂತು ದೀರ್ಘವಾಗಿ ಮಾತಾಡಿದ್ದಾರೆ. ಬಾಲ್ಯ, ಕಾಯಿಲೆ, ಪುಸ್ತಕ, ರಾಜಕೀಯ ಎಲ್ಲವೂ ಅದರಲ್ಲಿದೆ. ಇತ್ತೀಚೆಗೆ ಅದನ್ನು ಫೋನಿನಲ್ಲಿ ಮೂರು ರಾತ್ರಿ ಸ್ವಲ್ಪಸ್ವಲ್ಪವೇ ನೋಡಿದೆ, ಆತ್ಮಕಥೆಯನ್ನೂ ಮತ್ತೆ ತೆಗೆದೆ. ಆಮೇಲೆ ನನ್ನ ತಲೆಯಲ್ಲಿ ಉಳಿದ ಪ್ರಶ್ನೆ ಪ್ಯಾಲೆಸ್ಟೀನಿಗೆ ಮಾತ್ರ ಸೇರಿದ್ದಲ್ಲ. ನಾವು ಯಾರ ಪರ ನಿಂತಿದ್ದೇವೋ ಅವರೇ ತಪ್ಪು ದಾರಿ ಹಿಡಿದಾಗ ಏನು ಮಾಡಬೇಕು? ಸುಮ್ಮನಿದ್ದರೆ ನಿಷ್ಠೆಯೋ, ಹೇಳಿದರೆ ನಿಷ್ಠೆಯೋ?

ಅರ್ಧ ಇಂಗ್ಲಿಷ್ ಹೆಸರು

ಸೈದ್ ಹುಟ್ಟಿದ್ದು 1935ರ ನವೆಂಬರ್ 1. ನಮಗೆ ಅದು ರಾಜ್ಯೋತ್ಸವದ ದಿನ. ಅವರ ಬಂಧುಗಳಿಗೆ ಮಾತ್ರ ಅದರ ಮರುದಿನ ಕರಾಳ ದಿನ. 1917ರ ನವೆಂಬರ್ 2ರಂದು ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರ್, ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಕಟ್ಟಲು ಬ್ರಿಟನ್ನಿನ ಬೆಂಬಲವಿದೆ ಎಂದು ಪತ್ರ ಬರೆದಿದ್ದ. ಹನ್ನೆರಡನೇ ಹುಟ್ಟುಹಬ್ಬದ ದಿನ ದೊಡ್ಡ ಕಸಿನ್‌ಗಳು ಇದನ್ನೇ ಹೇಳಿಕೊಂಡು ಹಳಹಳಿಸುತ್ತಿದ್ದುದು ಹುಡುಗನಿಗೆ ಅರ್ಥವೇ ಆಗಿರಲಿಲ್ಲವಂತೆ.

ಹೆಸರಿನಲ್ಲೂ ಎರಡು ಲೋಕ. ಅಮ್ಮನಿಗೆ ಆಗಿನ ಇಂಗ್ಲೆಂಡಿನ ಯುವರಾಜನ ಮೇಲೆ ಅಭಿಮಾನ, ಅದಕ್ಕೆ ‘ಎಡ್ವರ್ಡ್’. ಮನೆತನದ ಹೆಸರು ಅರಬ್ಬಿಯ ‘ಸೈದ್’. ಎದುರಿಗೆ ಯಾರಿದ್ದಾರೆ ಅಂತ ನೋಡಿ ಒಂದು ಭಾಗವನ್ನು ಗಟ್ಟಿಯಾಗಿ, ಇನ್ನೊಂದನ್ನು ಬೇಗಬೇಗ ಹೇಳಿ ದಾಟಿಸುತ್ತಿದ್ದರಂತೆ. ತನ್ನ ಮೊದಲ ಭಾಷೆ ಅರಬ್ಬಿಯೋ ಇಂಗ್ಲಿಷೋ ಅನ್ನೋದು ಅವರಿಗೆ ಕಡೆಯವರೆಗೂ ಖಚಿತವಾಗಿ ಗೊತ್ತಿರಲಿಲ್ಲ.

ಕೈರೋದ ವಿಕ್ಟೋರಿಯಾ ಕಾಲೇಜು ಬ್ರಿಟಿಷರ ಮಾದರಿಯ ದೊಡ್ಡವರ ಮಕ್ಕಳ ಶಾಲೆ. ಆಮೇಲೆ ‘ಲಾರೆನ್ಸ್ ಆಫ್ ಅರೇಬಿಯಾ’ ಸಿನಿಮಾದಲ್ಲಿ ಹೆಸರು ಮಾಡಿದ ಒಮರ್ ಷರೀಫ್ ಅಲ್ಲಿ ಇವರಿಗಿಂತ ಹಿರಿಯ ವಿದ್ಯಾರ್ಥಿ. ಶಾಲೆಯ ನಿಯಮದ ಪುಸ್ತಕದಲ್ಲೇ ಬರೆದಿತ್ತು: ಇಲ್ಲಿ ಇಂಗ್ಲಿಷ್ ಮಾತ್ರ, ಬೇರೆ ಭಾಷೆ ಆಡಿದರೆ ಶಿಕ್ಷೆ. ಹುಡುಗರು ಏನು ಮಾಡಿದರು? ಬೇಕೂಂತಲೇ ಅರಬ್ಬಿ ಮಾತಾಡಿದರು!

ಇದನ್ನು ಓದಿ ನಕ್ಕೆ. ನನ್ನ ಶಾಲೆಯಲ್ಲೂ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಇತ್ತು. ಮನೆ ಭಾಷೆ ಅಂದರೆ ಏನೋ ಕಡಿಮೆ ಅನ್ನೋ ಭಾವನೆ ಮಗುವಿನ ಮನಸ್ಸಿಗೆ ಹೀಗೇ ಇಳಿಯೋದು. ಸೈದ್ 1951ರಲ್ಲಿ ತಂಟೆಕೋರ ಅಂತ ಆ ಶಾಲೆಯಿಂದಲೇ ಹೊರಬಿದ್ದರು. ಅಪ್ಪ ಅಮೆರಿಕದ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಅಲ್ಲಿಂದ ಪ್ರಿನ್ಸ್‌ಟನ್, ಹಾರ್ವರ್ಡ್. 1963ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ.

ಮನೆಯಲ್ಲಿ ಆಡದ ಮಾತು

1947ರ ಡಿಸೆಂಬರ್‌ನಲ್ಲಿ ಅವರ ಕುಟುಂಬ ಜೆರುಸಲೇಮಿನ ತಾಲ್ಬಿಯಾ ಬಡಾವಣೆಯಿಂದ ಕೈರೋಗೆ ಹೊರಟಿತು. ಕೆಲವೇ ತಿಂಗಳಲ್ಲಿ ಅಲ್ಲಿದ್ದ ನೆಂಟರೆಲ್ಲ ಚದುರಿಹೋದರು. 1948ರ ಯುದ್ಧದ ಹೊತ್ತಿಗೆ ಹೀಗೆ ಮನೆ ಬಿಟ್ಟ ಪ್ಯಾಲೆಸ್ಟೀನಿಯರು ಸುಮಾರು 7 ಲಕ್ಷ. ಸೈದ್ ಅವರ ಅಪ್ಪನಿಗೆ ಕೈರೋದಲ್ಲಿ ಸ್ಟೇಷನರಿ ಮತ್ತು ಆಫೀಸ್ ಸಾಮಾನಿನ ದೊಡ್ಡ ವ್ಯಾಪಾರ ಇತ್ತು, ಅಮೆರಿಕದ ಪೌರತ್ವ ಇತ್ತು. ಹಾಗಾಗಿ ಇವರು ಟೆಂಟಿನಲ್ಲಿ ಮಲಗಬೇಕಾಗಲಿಲ್ಲ. ತಾನು ಸುಖವಾಗಿದ್ದ ದೇಶಭ್ರಷ್ಟ ಅನ್ನೋದನ್ನು ಸೈದ್ ಎಂದೂ ಮುಚ್ಚಿಡಲಿಲ್ಲ.

ಆ ಮನೆಯಲ್ಲಿ ಪ್ಯಾಲೆಸ್ಟೀನಿನ ವಿಷಯವನ್ನೇ ಎತ್ತುತ್ತಿರಲಿಲ್ಲ. ಹುಡುಗನಿಗೆ ಅದರ ಬಿಸಿ ತಾಗಿದ್ದು ಸೋದರತ್ತೆ ನಬೀಹಾ ಮೂಲಕ. ಆಕೆ ದಿನವೂ ಕೈರೋದ ನಿರಾಶ್ರಿತರಿಗಾಗಿ ಓಡಾಡುತ್ತಿದ್ದರು. ಒಬ್ಬರಿಗೆ ಔಷಧಿ, ಒಬ್ಬರ ಮಗುವಿಗೆ ಶಾಲೆ, ಇನ್ನೊಬ್ಬರಿಗೆ ಒಂದು ಕೆಲಸ. ಶುಕ್ರವಾರದ ಊಟಕ್ಕೆ ಎಲ್ಲರೂ ಸೇರಿದಾಗ ಆ ವಾರ ನೋಡಿದ್ದನ್ನು ಹೇಳುತ್ತಿದ್ದರು. ರಾಜಕೀಯದ ಭಾಷಣ ಅಲ್ಲ, ಬರೀ ಜನರ ಕಷ್ಟ. ಯಾವ ಸಂಘಟನೆಯ ಹೆಸರೂ ಇಲ್ಲದೆ ಕೆಲಸ ಮಾಡಿದ ಈ ಅತ್ತೆಯೇ ಆ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದವರು.

ಅಮೆರಿಕಕ್ಕೆ ಹೋದ ಮೇಲೂ ಬಹಳ ಕಾಲ ಸೈದ್ ಕಾನ್ರಾಡ್ ಕಾದಂಬರಿ, ಪಿಯಾನೋ, ಪಾಠ ಅಂತ ಇದ್ದವರೇ. 1967ರ ಯುದ್ಧ ಅವರನ್ನು ಅಲುಗಾಡಿಸಿತು. ಉಳಿದಿದ್ದ ಪ್ಯಾಲೆಸ್ಟೀನ್ ಭಾಗವೂ, ಅಂದರೆ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಂ, ಆರು ದಿನದಲ್ಲಿ ಇಸ್ರೇಲ್ ಕೈಗೆ ಹೋಯಿತು. ಸುತ್ತಲಿನವರು ಅದನ್ನು ಕ್ರಿಕೆಟ್ ಗೆದ್ದ ಹಾಗೆ ಸಂಭ್ರಮಿಸುತ್ತಿದ್ದಾಗ ತಾನು ಅರಬ್ ಅನ್ನೋದನ್ನು ಬಚ್ಚಿಟ್ಟು ಬದುಕೋದು ಇನ್ನು ಆಗಲ್ಲ ಅನ್ನಿಸಿತು. ಎರಡು ವರ್ಷದ ನಂತರ ಇಸ್ರೇಲ್ ಪ್ರಧಾನಿ ಗೋಲ್ಡಾ ಮೇಯರ್, ಪ್ಯಾಲೆಸ್ಟೀನಿಯರು ಅನ್ನೋ ಜನವೇ ಇರಲಿಲ್ಲ ಅನ್ನೋ ಅರ್ಥದ ಮಾತಾಡಿದರು. ‘ಇಲ್ಲ’ ಅಂದವರ ಎದುರು ‘ಇದ್ದೀವಿ’ ಅಂತ ಬರೆಯೋದೇ ಅಲ್ಲಿಂದ ಸೈದ್ ಕೆಲಸವಾಯಿತು.

ಅಪ್ಪನಿಗೆ ಇದು ಇಷ್ಟವಿರಲಿಲ್ಲ. ನೀನು ಸಾಹಿತ್ಯದ ಪ್ರೊಫೆಸರ್, ಅಷ್ಟನ್ನು ನೋಡ್ಕೋ ಅನ್ನೋದು ಅವರ ಧೋರಣೆ. ನನ್ನ ಅಮ್ಮನೂ ಇದನ್ನೇ ಬೇರೆ ಮಾತಲ್ಲಿ ಹೇಳ್ತಾರೆ: ‘ಕೆಲಸ ಉಂಟು, ಸಂಬಳ ಉಂಟು, ಫೇಸ್‌ಬುಕ್ಕಲ್ಲಿ ಯಾಕೆ ಬರೀತೀಯ ಮಗಾ?’ ನಿಮ್ಮ ಮನೆಯಲ್ಲೂ ಹೇಳಿರ್ತಾರೆ. ಅವರ ಭಯ ಸುಳ್ಳಲ್ಲ. ಸೈದ್ ಅಪ್ಪನ ಭಯವೂ ಸುಳ್ಳಾಗಲಿಲ್ಲ. 1985ರಲ್ಲಿ ಯಾರೋ ಅವರ ಆಫೀಸಿಗೆ ಬೆಂಕಿ ಇಟ್ಟರು. ಕೊಲೆ ಬೆದರಿಕೆಗಳು ಬರುತ್ತಲೇ ಇದ್ದವು.

ಆಳೋದಕ್ಕೆ ಮುಂಚೆ ಒಂದು ಚಿತ್ರ

ಸೈದ್ ಅಂದರೆ ಎಂ.ಎ. ಓದಿದವರಿಗೆ ಮೊದಲು ನೆನಪಾಗೋದು 1978ರ ‘ಓರಿಯಂಟಲಿಸಂ’. ಭಾರವಾದ ಪುಸ್ತಕ. ಆದರೆ ಅದರ ತಿರುಳು ಕಷ್ಟದ್ದಲ್ಲ. ಒಂದು ಜನವನ್ನು ಆಳಬೇಕಾದರೆ ಬಂದೂಕು ಮಾತ್ರ ಸಾಲದು, ಅವರ ಬಗ್ಗೆ ಒಂದು ಚಿತ್ರವೂ ಬೇಕು. ಇವರು ಸೋಮಾರಿಗಳು, ಭಾವುಕರು, ಸಾವಿರ ವರ್ಷದಿಂದ ಬದಲಾಗದವರು, ತಮ್ಮನ್ನು ತಾವು ಆಳಿಕೊಳ್ಳಲು ಬರದವರು ಅನ್ನೋ ಚಿತ್ರ. ಪಂಡಿತರು, ಪ್ರವಾಸಿಗಳು, ಕಾದಂಬರಿಕಾರರು, ಅಧಿಕಾರಿಗಳು ಸೇರಿ ಯುರೋಪಿನಲ್ಲಿ ಆ ಚಿತ್ರವನ್ನು ಹೇಗೆ ಕಟ್ಟಿದರು ಅಂತ ಸೈದ್ ತೋರಿಸಿದರು. ಮೊದಲ ಅಧ್ಯಾಯ ಶುರುವಾಗೋದೇ 1910ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಈಜಿಪ್ಟಿನ ಬಗ್ಗೆ ಮಾಡಿದ ಒಂದು ಭಾಷಣದಿಂದ. ಮಾಡಿದವನು ಅದೇ ಬಾಲ್ಫರ್.

ನಮಗೆ ಇದು ಹೊಸದೇನಲ್ಲ. ವಿದೇಶಿ ಕ್ಲೈಂಟ್ ಜೊತೆ ಕಾಲ್‌ನಲ್ಲಿ ಕೂತವರಿಗೆ ‘ಇಂಡಿಯಾ ಟೀಮ್ ಅಂದ್ರೆ ಹೀಗೇ’ ಅನ್ನೋ ದನಿ ಪರಿಚಯ. ಉತ್ತರ ಕರ್ನಾಟಕದ ಗೆಳೆಯನ ಮಾತನ್ನು ಬೆಂಗಳೂರಿನ ಸಿನಿಮಾ ಬರೀ ಕಾಮಿಡಿಗೆ ಬಳಸೋದೂ ಅದೇ ಜಾತಿಯದ್ದು. ನಮ್ಮ ಬಗ್ಗೆ ನಮಗಿಂತ ಮೊದಲೇ ಬೇರೆಯವರು ಮಾತಾಡಿ ಮುಗಿಸಿರ್ತಾರೆ.

ಪುಸ್ತಕಕ್ಕೆ ಟೀಕೆಯೂ ಬಂತು. ಇತಿಹಾಸಕಾರ ಬರ್ನಾರ್ಡ್ ಲೂಯಿಸ್ ಜೊತೆ ದೊಡ್ಡ ಜಗಳವೇ ನಡೆಯಿತು. ನಮ್ಮ ದೇಶದ ಮಾರ್ಕ್ಸ್‌ವಾದಿ ವಿಮರ್ಶಕ ಎಜಾಜ್ ಅಹ್ಮದ್ 1992ರಲ್ಲಿ, ಪಶ್ಚಿಮವನ್ನೆಲ್ಲ ಒಂದೇ ಮುದ್ದೆ ಮಾಡಿ ನೋಡಿದ್ದೀರಿ, ವರ್ಗದ ಪ್ರಶ್ನೆ ಎಲ್ಲಿ ಅಂತ ಖಾರವಾಗಿ ಬರೆದರು. ಆ ಟೀಕೆಯಲ್ಲಿ ಹುರುಳಿದೆ. ಅದನ್ನು ಓದಿಕೊಂಡೇ ಸೈದ್ ಅವರನ್ನು ಓದೋದು ಒಳ್ಳೆಯದು.

ತನ್ನವರಿಗೇ ಬೇಡವಾದಾಗ

ಇಷ್ಟರವರೆಗೆ ಆಗಿದ್ದರೆ ಇದು ಎದುರಾಳಿಯ ವಿರುದ್ಧ ಬರೆದ ಇನ್ನೊಬ್ಬ ಬುದ್ಧಿಜೀವಿಯ ಕಥೆ. ನನ್ನ ಪ್ರಶ್ನೆಗೆ ಉತ್ತರ ಇರೋದು ಮುಂದಿನ ಭಾಗದಲ್ಲಿ.

1977ರಿಂದ 1991ರವರೆಗೆ ಸೈದ್ ಪ್ಯಾಲೆಸ್ಟೀನ್ ರಾಷ್ಟ್ರೀಯ ಮಂಡಳಿಯ ಸದಸ್ಯರಾಗಿದ್ದರು. ಇದು ದೇಶವಿಲ್ಲದ ಜನರ ಸಂಸತ್ತು ಅನ್ನಬಹುದು. 1988ರಲ್ಲಿ ಆಲ್ಜೀರ್ಸ್‌ನಲ್ಲಿ ಮಂಡಳಿ ಸ್ವಾತಂತ್ರ್ಯ ಘೋಷಿಸಿದಾಗ ಕವಿ ಮಹಮೂದ್ ದರ್ವೀಶ್ ಬರೆದ ಅರಬ್ಬಿ ಪಠ್ಯವನ್ನು ಇಂಗ್ಲಿಷಿಗೆ ತರುವಲ್ಲಿ ಸೈದ್ ಕೈ ಇತ್ತು. ಯಾಸಿರ್ ಅರಾಫತ್ ಅವರಿಗೆ ಹತ್ತಿರದವರು.

1993ರ ಸೆಪ್ಟೆಂಬರ್ 13ರಂದು ವೈಟ್ ಹೌಸ್ ಹುಲ್ಲುಹಾಸಿನ ಮೇಲೆ ಅರಾಫತ್ ಮತ್ತು ಇಸ್ರೇಲ್ ಪ್ರಧಾನಿ ರಾಬಿನ್ ಕೈಕುಲುಕಿದರು. ಓಸ್ಲೋ ಒಪ್ಪಂದ. ಲೋಕವೆಲ್ಲ ಚಪ್ಪಾಳೆ ತಟ್ಟಿತು. ಸಮಾರಂಭಕ್ಕೆ ಆಹ್ವಾನ ಬಂದಿದ್ದರೂ ಸೈದ್ ಹೋಗಲಿಲ್ಲ. ಅವರು ಒಪ್ಪಂದವನ್ನು ಓದಿದ್ದರು. ವಸಾಹತು ಕಟ್ಟೋದನ್ನು ನಿಲ್ಲಿಸುವ ಷರತ್ತು ಅದರಲ್ಲಿರಲಿಲ್ಲ. ನಿರಾಶ್ರಿತರ ವಾಪಸಾತಿ, ಜೆರುಸಲೇಂ, ಗಡಿ ಎಲ್ಲವನ್ನೂ ಮುಂದಕ್ಕೆ ಹಾಕಲಾಗಿತ್ತು. ಮೊದಲನೇ ಮಹಾಯುದ್ಧ ಸೋತ ಜರ್ಮನಿ ವರ್ಸೈಯಲ್ಲಿ ಸಹಿ ಹಾಕಿದಂಥ ಶರಣಾಗತಿ ಇದು ಅಂತ ಬರೆದುಬಿಟ್ಟರು.

ಆಗ ಶಾಂತಿಯ ವಿರೋಧಿ ಅಂತ ಬೈಸಿಕೊಂಡರು. ಓಸ್ಲೋ ಕಾಲಕ್ಕೆ ಪಶ್ಚಿಮ ದಂಡೆಯಲ್ಲಿ ಸುಮಾರು ಒಂದು ಲಕ್ಷ ಇದ್ದ ಇಸ್ರೇಲಿ ವಸಾಹತುಗಾರರ ಸಂಖ್ಯೆ ಇಂದು ಪೂರ್ವ ಜೆರುಸಲೇಂ ಬಿಟ್ಟೇ 5 ಲಕ್ಷ ಮೀರಿದೆ. ಇದನ್ನು ನೋಡಿದರೆ ಅವರು ಓದಿದ್ದು ಸರಿ ಇತ್ತು ಅನ್ನಿಸುತ್ತೆ.

ಅವರು ಅಷ್ಟಕ್ಕೆ ಬಿಡಲಿಲ್ಲ. ಅರಾಫತ್ ಆಡಳಿತದ ಭ್ರಷ್ಟಾಚಾರ, ಪೊಲೀಸ್ ದಬ್ಬಾಳಿಕೆ, ಒಬ್ಬನೇ ಎಲ್ಲ ನಿರ್ಧರಿಸುವ ಚಾಳಿ, ಎಲ್ಲವನ್ನೂ ಅರಬ್ ಪತ್ರಿಕೆಗಳ ಅಂಕಣದಲ್ಲೇ ಬರೆದರು. 1996ರಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರ ಗಾಜಾ, ಪಶ್ಚಿಮ ದಂಡೆಯ ಅಂಗಡಿಗಳಲ್ಲಿ ಅವರ ಪುಸ್ತಕಗಳನ್ನು ನಿಷೇಧಿಸಿತು. ಯೋಚಿಸಿ ನೋಡಿ. ಪ್ಯಾಲೆಸ್ಟೀನಿಗಾಗಿ ಅಮೆರಿಕದಲ್ಲಿ ಆಫೀಸು ಸುಡಿಸಿಕೊಂಡವರ ಪುಸ್ತಕ ಪ್ಯಾಲೆಸ್ಟೀನಿನಲ್ಲೇ ಸಿಗದ ಹಾಗಾಯಿತು.

ಇನ್ನೂ ಕಷ್ಟದ ಮಾತುಗಳನ್ನೂ ತನ್ನವರಿಗೆ ಹೇಳಿದರು. ಹಿಟ್ಲರನ ಕೈಯಲ್ಲಿ ಯಹೂದಿಗಳು ಅನುಭವಿಸಿದ್ದನ್ನು ಅಲ್ಲಗಳೆಯುವ ಅರಬ್ ಬರಹಗಾರರನ್ನು ಖಂಡಿಸಿದರು. ಆ ನೋವು ಅರ್ಥವಾಗದೆ ನಮ್ಮ ನೋವು ಅವರಿಗೆ ಅರ್ಥವಾಗಲಿ ಅನ್ನೋದು ಹೇಗೆ ಅನ್ನೋದು ಅವರ ನಿಲುವು. ಆತ್ಮಾಹುತಿ ಬಾಂಬುಗಳನ್ನು ತಪ್ಪು ಅಂದರು. ಕೊನೆಯ ವರ್ಷಗಳಲ್ಲಿ ಎರಡು ಜನವೂ ಸಮಾನ ಹಕ್ಕಿನಿಂದ ಒಂದೇ ದೇಶದಲ್ಲಿ ಬದುಕಲಿ ಅಂತ ವಾದಿಸಿದರು. ಅದು ಎರಡೂ ಕಡೆಯ ಹೆಚ್ಚಿನವರಿಗೆ ಹಿಡಿಸದ ಮಾತು.

ಅವರನ್ನು ಸಂತ ಮಾಡಬೇಕಾಗಿಲ್ಲ. 2000ದ ಜುಲೈನಲ್ಲಿ ದಕ್ಷಿಣ ಲೆಬನಾನಿನ ಗಡಿಯಲ್ಲಿ ಇಸ್ರೇಲ್ ಕಡೆಗೆ ಕಲ್ಲು ಎಸೆಯುತ್ತಿರುವ ಫೋಟೋ ಲೋಕವೆಲ್ಲ ಹರಿದಾಡಿತು. ಅವರು ಅದನ್ನು ಆಕ್ರಮಣ ಮುಗಿದ ಸಂತೋಷದ ಸಾಂಕೇತಿಕ ಎಸೆತ ಅಂದರು. ಕೆಲಸದಿಂದ ತೆಗೀರಿ ಅಂತ ಗದ್ದಲವಾಯಿತು, ಕೊಲಂಬಿಯಾ ಅವರ ಬೆನ್ನಿಗೆ ನಿಂತಿತು. ವಿಯೆನ್ನಾದ ಫ್ರಾಯ್ಡ್ ಸಂಸ್ಥೆ ಮಾತ್ರ ಕರೆದಿದ್ದ ಉಪನ್ಯಾಸವನ್ನು ರದ್ದು ಮಾಡಿತು.

ನಾವೂ ಊರು ಬಿಟ್ಟವರು, ಆದರೆ...

ಸೈದ್ ಓದುವಾಗ ನಮ್ಮಂಥವರಿಗೆ ‘ನಾವೂ ಹೀಗೇ ಅಲ್ವಾ, ಊರು ಬಿಟ್ಟವರು’ ಅನ್ನಿಸೋದು ಸಹಜ. ಅದಕ್ಕೂ ಅವರೇ ತಡೆ ಹಾಕ್ತಾರೆ. 1984ರ ಒಂದು ಪ್ರಬಂಧದಲ್ಲಿ ಅವರು ದೇಶಭ್ರಷ್ಟ, ನಿರಾಶ್ರಿತ, ಇಷ್ಟಪಟ್ಟು ಹೊರದೇಶದಲ್ಲಿರುವವ, ವಲಸಿಗ ಎಲ್ಲರನ್ನೂ ಬೇರೆಬೇರೆಯಾಗಿ ನೋಡಬೇಕು ಅನ್ನುತ್ತಾರೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಬೆಳಗ್ಗೆ ಅಮ್ಮನ ಕಾಫಿ ಸಿಗುವ ನನಗೂ, ಮನೆ ಬೀಗದ ಕೈ ಮಾತ್ರ ಉಳಿದವರಿಗೂ ಹೋಲಿಕೆ ಇಲ್ಲ.

ವ್ಯತ್ಯಾಸ ಏನು ಅನ್ನೋದಕ್ಕೆ ಅವರ ಅಮ್ಮ ಹಿಲ್ಡಾ ಅವರ ಕಥೆ ಸಾಕು. ನಜರೇತಿನಲ್ಲಿ ಹುಟ್ಟಿದಾಕೆ. 1948ರ ನಂತರ ಅವರ ಪ್ಯಾಲೆಸ್ಟೀನ್ ಪಾಸ್‌ಪೋರ್ಟ್‌ಗೆ ಬೆಲೆಯೇ ಇಲ್ಲದಾಯಿತು. ಗಂಡ ಮಕ್ಕಳೆಲ್ಲ ಅಮೆರಿಕದ ಪ್ರಜೆಗಳು, ಆಕೆ ಮಾತ್ರ ಪ್ರತಿ ಗಡಿಯಲ್ಲೂ ಬೇರೆ ಸಾಲು. ಎಷ್ಟೋ ವರ್ಷದ ಮೇಲೆ ಲೆಬನಾನಿನ ಪೌರತ್ವ ಸಿಕ್ಕಿತು. 1990ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರಿನಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ ವೀಸಾ ಅವಧಿ ಮುಗಿದಿದೆ ಅಂತ ಗಡಿಪಾರು ಮಾಡಲು ಸರ್ಕಾರ ಕೇಸು ಹಾಕಿತು. ನ್ಯಾಯಾಧೀಶರು ಸರ್ಕಾರಿ ವಕೀಲರಿಗೆ ಬೈದು ಕೇಸು ಎತ್ತಿಹಾಕಿದರು. ವೀಸಾ ಸ್ಟಾಂಪಿಂಗ್‌ಗೆ ಕಾದು ಗೊತ್ತಿರುವ ಓದುಗರಿಗೆ ಇದರ ಭಾರ ಬೇಗ ತಿಳಿಯುತ್ತೆ.

1992ರಲ್ಲಿ, 45 ವರ್ಷದ ಮೇಲೆ, ಸೈದ್ ಹೆಂಡತಿ ಮಕ್ಕಳ ಜೊತೆ ಜೆರುಸಲೇಮಿಗೆ ಹೋದರು. ತಾಲ್ಬಿಯಾದ ಮನೆ ಇತ್ತು, ಅದರಲ್ಲಿ ಬೇರೆ ಯಾರೋ ಇದ್ದರು. ಹೊರಗಿನಿಂದಲೇ ಮಕ್ಕಳಿಗೆ ತೋರಿಸಿದರು, ಒಳಗೆ ಹೋಗಲಿಲ್ಲ.

ಅಷ್ಟರಲ್ಲಿ ಕಾಯಿಲೆ ಗೊತ್ತಾಗಿತ್ತು. 1991ರ ಸೆಪ್ಟೆಂಬರ್‌ನಲ್ಲಿ ಲ್ಯುಕೇಮಿಯಾ ಅಂತ ತಿಳಿಯಿತು. ಚಿಕಿತ್ಸೆ ಕೊಟ್ಟವರು ಭಾರತ ಮೂಲದ ಡಾ. ಕಾಂತಿ ರಾಯ್, ಆ ಬಗೆಯ ರಕ್ತದ ಕ್ಯಾನ್ಸರಿನ ಹಂತಗಳನ್ನು ಗುರುತಿಸುವ ಕ್ರಮಕ್ಕೆ ಇವರದೇ ಹೆಸರಿದೆ. ಕೀಮೋಥೆರಪಿಯ ನಡುವೆ 1994ರಲ್ಲಿ ಆತ್ಮಕಥೆ ಶುರುಮಾಡಿ ಐದು ವರ್ಷ ಬರೆದ ಸೈದ್, ಅದನ್ನು ಈ ವೈದ್ಯರಿಗೂ ಹೆಂಡತಿ ಮರಿಯಂಗೂ ಅರ್ಪಿಸಿದರು.

ಕಾಯಿಲೆಯ ಆ ವರ್ಷಗಳಲ್ಲೇ ಇನ್ನೊಂದು ಕೆಲಸ ಮಾಡಿದರು. ಇಸ್ರೇಲಿನಲ್ಲಿ ಬೆಳೆದ ಪಿಯಾನೋ ವಾದಕ ಡೇನಿಯಲ್ ಬಾರೆನ್‌ಬೊಯಿಮ್ ಅವರ ಆಪ್ತ ಗೆಳೆಯ. 1999ರಲ್ಲಿ ಇಬ್ಬರೂ ಸೇರಿ ಜರ್ಮನಿಯ ವೈಮಾರ್‌ನಲ್ಲಿ ಅರಬ್ ಮತ್ತು ಇಸ್ರೇಲಿ ಯುವ ಸಂಗೀತಗಾರರನ್ನು ಕೂಡಿಸಿ ವೆಸ್ಟ್-ಈಸ್ಟರ್ನ್ ದಿವಾನ್ ಆರ್ಕೆಸ್ಟ್ರಾ ಕಟ್ಟಿದರು. ಹಗಲೆಲ್ಲ ಅಭ್ಯಾಸ, ರಾತ್ರಿ ಸೈದ್ ಜೊತೆ ಚರ್ಚೆ, ಜಗಳ. ಹತ್ತಿರದ ಬುಖೆನ್‌ವಾಲ್ಡ್ ನಾಜಿ ಶಿಬಿರವನ್ನು ಒಟ್ಟಿಗೆ ಹೋಗಿ ನೋಡಿದರು. ಇದರಿಂದ ಶಾಂತಿ ಬಂತು ಅಂತ ಯಾರೂ ಹೇಳಲಿಲ್ಲ. ಒಂದೇ ಸ್ಟ್ಯಾಂಡಿನ ಸ್ವರಲಿಪಿ ನೋಡಿ ನುಡಿಸಬೇಕಾದರೆ ಪಕ್ಕದವರನ್ನು ಕೇಳಿಸಿಕೊಳ್ಳಲೇಬೇಕು, ಅಷ್ಟೇ. ಆರ್ಕೆಸ್ಟ್ರಾ ಇಂದಿಗೂ ಇದೆ.

ಗ್ರೂಪಿನಲ್ಲಿ ನಾವು

2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಆಮೇಲೆ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಸೈದ್ ಪಾಠ ಮಾಡಿದ ಕೊಲಂಬಿಯಾದಲ್ಲಿ 2024ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಟೆಂಟ್ ಹಾಕಿ ಕೂತರು, ಪೊಲೀಸರು ಬಂದು ಬಂಧಿಸಿದರು. ನಮ್ಮ ಫೋನುಗಳಲ್ಲಿ ಮಾತ್ರ ವಿಷಯ ಬಹಳ ಬೇಗ ಎರಡು ಸ್ಟಿಕ್ಕರ್ ಆಯಿತು. ಯಾವ ಬಾವುಟ ಹಾಕಿದ್ದೀಯ ಅನ್ನೋದೊಂದೇ ಪ್ರಶ್ನೆ.

ಸೈದ್ ನನಗೆ ಕಲಿಸಿದ್ದು ಯಾವ ಕಡೆಯೂ ನಿಲ್ಲಬೇಡ ಅಂತಲ್ಲ. ಅವರು ನಿಂತೇ ಇದ್ದರು, ಜೀವಮಾನವಿಡೀ, ಒಂದೇ ಕಡೆ. ಮನೆ ಕಳೆದುಕೊಂಡವರ ಕಡೆ. ಆದರೆ ಆ ಕಡೆಯ ನಾಯಕ ಸುಳ್ಳು ಹೇಳಿದಾಗ ಸುಳ್ಳು ಅಂದರು, ಆ ಕಡೆಯ ಬಾಂಬು ಬಸ್ಸಿನಲ್ಲಿ ಸಿಡಿದಾಗ ತಪ್ಪು ಅಂದರು. ಎದುರಾಳಿಯ ತಪ್ಪು ಹೇಳೋಕೆ ಸಾವಿರ ಜನ ಇರ್ತಾರೆ. ನಮ್ಮವರ ತಪ್ಪನ್ನು ನಮ್ಮವರ ಮೇಲಿನ ಪ್ರೀತಿಯಿಂದ ಹೇಳೋಕೆ ಒಳಗಿನವರೇ ಬೇಕು. ಹೊರಗಿನವರು ಹೇಳಿದರೆ ಅದು ಬೈಗುಳವಾಗುತ್ತೆ.

ಇದಕ್ಕೆ ನಾವು ಪ್ರೊಫೆಸರ್ ಆಗಬೇಕಾಗಿಲ್ಲ. ನಮ್ಮ ಜಾತಿಯ ಗ್ರೂಪು, ನಮ್ಮ ಪಕ್ಷ, ನಮ್ಮ ಭಾಷೆಯ ಹೋರಾಟ, ನಮ್ಮ ಟೀಮು, ನಮ್ಮ ಮನೆ, ಯಾವುದಾದರೂ ಆಗಬಹುದು. ಅಲ್ಲಿ ‘ಇದು ಸರಿಯಿಲ್ಲ’ ಅಂತ ಮೊದಲು ಹೇಳುವವರಿಗೆ ಸಿಗೋದು ಒಂದೇ ಬಿರುದು, ‘ನಮ್ಮೋನಲ್ಲ ಬಿಡು’. ಮುಂದಿನ ಸಲ ಯಾರಿಗಾದರೂ ಆ ಬಿರುದು ಸಿಕ್ಕಾಗ ಅವರಿಗೊಂದು ಫೋನ್ ಮಾಡಿ. ಒಪ್ಪಲೇಬೇಕು ಅಂತೇನಿಲ್ಲ. ಏನು ಹೇಳ್ತಿದ್ದಾರೆ ಅಂತ ಪೂರ್ತಿ ಕೇಳಿ, ಸಾಕು.